ಹಾಂಗ್‌ಕಾಂಗ್‌ನಲ್ಲಿ ಉಳುಕಿನ ಪುಡಿ ಕೊಳ್ಳುವ ಮುಂಚೆ ಇದನ್ನು ಓದಿ

ಹಾಂಗ್‌ಕಾಂಗ್‌ಗೆ ಹೋಗುವವರು, ಅಲ್ಲೇ ಇರುವವರು, ದಯವಿಟ್ಟು ಪೂರ್ತಿ ಓದಿ. ಗಿಡಮೂಲಿಕೆ ಅಂಗಡಿಯಲ್ಲಿ ಬೋರ್ಡಿನ ಬೆಲೆ ಯಾವ ತೂಕಕ್ಕೆ ಅಂತ ಗೊತ್ತಾಗುವ ತನಕ ಏನನ್ನೂ ಪುಡಿ ಮಾಡಲು ಬಿಡಬೇಡಿ. ಪುಡಿ ಆಯ್ತು ಅಂದ್ರೆ ನಿಮ್ಮ ಕಥೆ ಮುಗೀತು. ಬರೆಯುವಾಗಲೂ ನನ್ನ ಮೈ ಉರಿಯುತ್ತಿದೆ.

ನನ್ನ ತಂಗಿ ಅಲ್ಲಿ ಕೆಲಸದಲ್ಲಿದ್ದಾಳೆ. ಅಕ್ಕ, ಭಾವನ ಜೊತೆ ನಾನೂ ಹೋಗಿದ್ದೆ. ಲಾಂಟಾವ್ ದ್ವೀಪದ ದೊಡ್ಡ ಬುದ್ಧನ ಹತ್ತಿರ 268 ಮೆಟ್ಟಿಲು. ಹತ್ತುವಾಗ ಏನೂ ಆಗಲಿಲ್ಲ, ಇಳಿಯುವಾಗ ಭಾವನ ಕಾಲು ಉಳುಕಿತು. ಎಕ್ಸ್‌ರೇ ಆಯ್ತು, ಮೂಳೆಗೆ ಏನೂ ಆಗಿಲ್ಲ ಅಂದರು. ಆದರೂ ಊತ ಇಳಿಯಲಿಲ್ಲ. ಬಿದ್ದ, ಏಟಾದ ನೋವಿಗೆ ಅಲ್ಲಿ ‘ತಿತ್ ದಾ’ ಅನ್ನುವ ಔಷಧಿ ಪದ್ಧತಿಯೇ ಇದೆ. ಮೂಳೆ ಕೂರಿಸುವವರು, ಪಟ್ಟು ಹಾಕುವವರು ಬೀದಿ ಬೀದಿಯಲ್ಲಿ ಇದ್ದಾರೆ. ಪದ್ಧತಿಯ ಮೇಲೆ ನನ್ನ ಜಗಳ ಇಲ್ಲ. ನನ್ನ ಜಗಳ ಆ ಅಂಗಡಿಯವನ ಮೇಲೆ.

ಚಿಮ್ ಶಾ ಚೊಯಿಯಲ್ಲಿ, ನೇಥನ್ ರೋಡಿನಿಂದ ಒಳಗೆ ತಿರುಗಿದರೆ ಸಿಗುವ ಅಂಗಡಿ. ಗಾಜಿನ ಭರಣಿಗಳು, ಒಳ್ಳೆ ಘಮ, ಇಂಗ್ಲಿಷ್ ಬರುವ ಹುಡುಗ. ‘ನಮಸ್ತೆ ಮೇಡಂ’ ಅಂತ ಬೇರೆ ಅಂದ. ‘ಚಿ ಲಿ ಸಾನ್’ ಅನ್ನುವ ಹಳೇ ಪುಡಿ ಇದೆಯಂತೆ, ಅದನ್ನೇ ಅವರ ಅಜ್ಜ ತಿದ್ದಿ ಮಾಡಿದ್ದಂತೆ. ಒಂದೊಂದೇ ಭರಣಿ ತೆಗೆದು ಮೂಗಿಗೆ ಹಿಡಿದ. ಕೆಂಪು ಎಸಳು ತೋರಿಸಿದ, ನೋಡಿದರೆ ಕುಸುಬೆ ಹೂವು! ನಮ್ಮ ಗದಗ, ವಿಜಯಪುರದ ಹೊಲದಲ್ಲಿ ಇರುತ್ತಲ್ಲ, ಅದೇ. ಆಮೇಲೆ ಲೋಬಾನದಂಥ ಅಂಟು. ಆಮೇಲೆ ಎಲೆಅಡಿಕೆಗೆ ಹಾಕುವ ಕಾಚು. ಕೊನೆಗೆ ಯುನ್ನಾನ್ ಕಡೆಯಿಂದ ಬರುವ ತಿನ್ ಚಾಟ್ ಬೇರು, ಕಲ್ಲಿನ ಹಾಗೆ ಗಟ್ಟಿ. ಅರ್ಧ ಸಾಮಾನು ನಮ್ಮ ಗ್ರಂದಿಗೆ ಅಂಗಡಿಯದ್ದೇ ಅನ್ನಿಸಿದಾಗ ಯಾರಿಗೆ ತಾನೆ ಅನುಮಾನ ಬರುತ್ತೆ?

ಬೋರ್ಡಿನ ಮೇಲೆ ದೊಡ್ಡದಾಗಿ 280 ಅಂತಿತ್ತು. ಪಕ್ಕದಲ್ಲಿ ಚಿಕ್ಕದಾಗಿ ಒಂದು ಚೀನೀ ಅಕ್ಷರ. ‘ಎಷ್ಟು ಬೇಕಾಗುತ್ತೆ?’ ಅಂದೆ. ‘ಎರಡು ಲೆಂಗ್ ತಗೊಳ್ಳಿ ಮೇಡಂ, ಸಾಕು’ ಅಂದ. ಲೆಂಗ್ ಅನ್ನುವುದು ಅಲ್ಲಿಯ ಒಂದು ತೂಕ. ‘ಬೆಲೆ 280 ತಾನೆ?’ ಅಂತ ಕೇಳಿದೆ. ‘ಹೌದು, 280’ ಅಂದ. ಎರಡು ಲೆಂಗ್‌ಗೆ 560 ಹಾಂಗ್‌ಕಾಂಗ್ ಡಾಲರ್ ಅಂತ ಲೆಕ್ಕ ಹಾಕಿದೆ. ಯಾರು ಬೇಕಾದರೂ ಹಾಗೇ ಹಾಕುತ್ತಾರೆ, ಅಲ್ವಾ? ಲೆಂಗ್ ಅಂತ ಅವನೇ ಹೇಳಿದ್ದು!

ತೂಕ ಹಾಕಿದ. ಕೈ ಎಷ್ಟು ಚುರುಕು ಅಂದ್ರೆ, ನಾನು ಭಾವನ ಕಡೆ ತಿರುಗಿ ನೋಡುವಷ್ಟರಲ್ಲಿ ಎಲ್ಲವೂ ಮಿಷಿನ್ ಒಳಗೆ. ಗರ್ ಅಂತ ಸದ್ದು. ಪುಡಿ ಕವರಿಗೆ ಬಂತು. ಆಮೇಲೆ ಕ್ಯಾಲ್ಕುಲೇಟರ್ ನನ್ನ ಕಡೆ ತಿರುಗಿಸಿದ. 5600.

ಮೊದಲು ಚುಕ್ಕಿ ಬಿಟ್ಟುಹೋಗಿದೆ ಅಂದುಕೊಂಡೆ. ‘560 ಅಲ್ವಾ?’ ಅಂದೆ. ನಗುತ್ತಾ ‘ಇಲ್ಲ ಮೇಡಂ, 280 ಒಂದು ಚಿನ್‌ಗೆ’ ಅಂದ. ಅಲ್ಲಿ ಒಂದು ಕ್ಯಾಟಿಗೆ 16 ಲೆಂಗ್. ಒಂದು ಲೆಂಗ್‌ಗೆ 10 ಚಿನ್. ಒಂದು ಚಿನ್ ಅಂದ್ರೆ ನಾಲ್ಕು ಗ್ರಾಂ ಕೂಡ ಇಲ್ಲ! ಅಕ್ಕಿ ಬೆಲೆ ಕಿಲೋಗೆ ಅನ್ನೋ ಥರ ಹೇಳಿ ಬಿಲ್ಲನ್ನು ನೂರು ಗ್ರಾಂ ಲೆಕ್ಕದಲ್ಲಿ ಹಾಕಿದ ಹಾಗೆ. ಇವನ ಲೆಕ್ಕದಲ್ಲಿ ಒಂದು ಕ್ಯಾಟಿ, ಅಂದ್ರೆ 600 ಗ್ರಾಂ ಚಿಲ್ಲರೆ ಪುಡಿಗೆ 44,800 ಡಾಲರ್. ಚಿನ್ನದ ಪುಡಿಯಾ ಅದು?

ಬೇಡ ಅಂದೆ. ಆಗ ಬಂದ ಉತ್ತರಗಳನ್ನು ಕೇಳಿ.

‘ಬೋರ್ಡಲ್ಲಿ ಬರೆದಿದೆ.’ ಹೌದು, ನನಗೆ ಓದಲು ಬಾರದ ಭಾಷೆಯಲ್ಲಿ.

‘ಪುಡಿ ಆಗಿದೆ, ಇನ್ಯಾರಿಗೆ ಮಾರಲಿ?’

‘ನೀವು ಇಂಡಿಯಾದವರು, ಚಿನ್ನ ಕೊಳ್ಳುವವರು. ಸಣ್ಣ ತೂಕ ನಿಮಗೆ ಗೊತ್ತಿರುತ್ತೆ.’ ಇದನ್ನು ಕೇಳಿದಾಗ ಕಪಾಳಕ್ಕೆ ಹೊಡೆಯಬೇಕು ಅನ್ನಿಸಿತು.

ಅಷ್ಟರಲ್ಲಿ ಇನ್ನೊಬ್ಬ ಬಂದು ಬಾಗಿಲ ಹತ್ತಿರ ನಿಂತ. ಏನೂ ಮಾತಾಡಲಿಲ್ಲ, ಸುಮ್ನೆ ನಿಂತ. ಭಾವ ಕುಂಟುಕಾಲಲ್ಲಿ ಸ್ಟೂಲ್ ಮೇಲೆ, ಅಕ್ಕ ಅಳುವ ಹಾಗೆ. ‘ನಿಮಗೋಸ್ಕರ 4,200ಕ್ಕೆ ಕೊಡ್ತೀನಿ, ಬಾಸ್‌ಗೆ ಹೇಳಬೇಡಿ’ ಅಂದ. ಕಾರ್ಡು ಕೊಟ್ಟೆ, ಪಿನ್ ಒತ್ತಿದೆ. ನಮ್ಮ ದುಡ್ಡಲ್ಲಿ 40 ಸಾವಿರದ ಮೇಲೆ. ಉಳುಕಿದ ಕಾಲಿಗೆ!

ಹೊರಡುವಾಗ ‘ತಿನ್ನಬೇಕಾ, ಹಚ್ಚಬೇಕಾ?’ ಅಂತ ಕೇಳಿದೆ. ‘ಎರಡೂ ಮಾಡಿ, ಬೇಗ ವಾಸಿ’ ಅಂದ. ಇದಕ್ಕೆ ನನಗೆ ದುಡ್ಡಿಗಿಂತ ಜಾಸ್ತಿ ಸಿಟ್ಟು. ಭಾವ ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಾರೆ. ಕುಸುಬೆ ಹೂವು, ತಿನ್ ಚಾಟ್ ಬೇರು ಇಂಥವನ್ನು ಆ ಮಾತ್ರೆಯ ಜೊತೆ ಡಾಕ್ಟರನ್ನು ಕೇಳದೆ ತಗೊಳ್ಳಲೇಬಾರದು. ಏಟಿಗೆ ಹಚ್ಚುವ ಚೀನೀ ಎಣ್ಣೆ, ದ್ರಾವಣಗಳಲ್ಲಿ ಎಷ್ಟೋ ಸಲ ವತ್ಸನಾಭಿ ಜಾತಿಯ ಬೇರು ಇರುತ್ತೆ, ಅದು ಹೊಟ್ಟೆಗೆ ಹೋದರೆ ವಿಷ. ಅಜ್ಜನ ಹೆಸರು ಹೇಳಿದನಲ್ಲ, ಆ ನಿಜವಾದ ಚಿ ಲಿ ಸಾನ್‌ನಲ್ಲಿ ಇಂಗಳೀಕ ಇದೆ. ಅಂದ್ರೆ ಪಾದರಸದ ಅದಿರು. ಹಳೇ ಲೆಕ್ಕದಲ್ಲಿ ಒಂದು ಸಲಕ್ಕೆ ಕೊಡುವುದೇ ಸುಮಾರು ಕಾಲು ಗ್ರಾಂ. ಇವನು ನಮಗೆ ತೂಗಿ ಕೊಟ್ಟಿದ್ದು 75 ಗ್ರಾಂ. ‘ಸಾಕು’ ಅಂತೆ!

ತಂಗಿ ಕೇಳಿ ತಲೆ ಚಚ್ಚಿಕೊಂಡಳು. ‘ಅಕ್ಕಾ, ಒಂದು ಫೋನ್ ಮಾಡೋದಲ್ವಾ? ಇಲ್ಲಿ ಮಕ್ಕಳಿಗೂ ಗೊತ್ತಿರೋ ಮೋಸ ಇದು’ ಅಂದಳು. ಆಗ ನನಗಾದ ನಾಚಿಕೆ ಹೇಳತೀರದು. ಚೀನಾದಿಂದ ಬರುವ ಪ್ರವಾಸಿಗಳೇ ಇದಕ್ಕೆ ಬೀಳುತ್ತಾರಂತೆ. ಬೆಲೆಯ ಮಾತಲ್ಲಿ ತೂಕವನ್ನು ಮುಚ್ಚಿಡುವುದು ಹಾಂಗ್‌ಕಾಂಗ್‌ನಲ್ಲಿ ಅಪರಾಧ, 2013ರಿಂದ ಕಾನೂನು ಇನ್ನೂ ಬಿಗಿಯಾಗಿದೆ, ಕಸ್ಟಮ್ಸ್‌ನವರೇ ಬಂದು ಹಿಡಿಯುತ್ತಾರೆ. ನಾವೂ ದೂರು ಕೊಟ್ಟೆವು. ಹೇಳಿಕೆ ಬರೆದುಕೊಂಡರು. ರಸೀದಿಯಲ್ಲಿ ಬರೀ ‘ಗಿಡಮೂಲಿಕೆ’ ಅಂತ ಇದೆ, ತೂಕವೂ ಇಲ್ಲ, ದರವೂ ಇಲ್ಲ. ಬ್ಯಾಂಕಿನವರು ‘ಪಿನ್ ನೀವೇ ಒತ್ತಿದ್ದೀರಿ’ ಅಂತ ಕೈ ತೊಳೆದುಕೊಂಡರು.

ಪುಡಿಯನ್ನು ಯಾರೂ ಮುಟ್ಟಿಲ್ಲ. ಅದರಲ್ಲಿ ಏನಿದೆ ಅಂತ ಬರಿಗಣ್ಣಲ್ಲಿ ನೋಡಿ ಹೇಳಲು ಯಾರಿಂದಲೂ ಆಗಲ್ಲ, ಪುಡಿ ಮಾಡುವುದೇ ಅದಕ್ಕೆ. ಊತ ಐಸು, ಬ್ಯಾಂಡೇಜಿನಲ್ಲೇ ಇಳಿಯಿತು.

ನಿಮಗೆ ಬೇಕೇ ಬೇಕು ಅಂದರೆ ಪೆಟ್ಟಿಗೆಯಲ್ಲಿ ಬರುವುದನ್ನು ತಗೊಳ್ಳಿ, ಮೇಲೆ ಎಚ್‌ಕೆಸಿ (HKC) ಅಂತ ಶುರುವಾಗುವ ನೋಂದಣಿ ಸಂಖ್ಯೆ ನೋಡಿ. ಬಿಡಿ ಸಾಮಾನಾದರೆ ಒಟ್ಟು ಮೊತ್ತವನ್ನು ಮೊದಲೇ ಕ್ಯಾಲ್ಕುಲೇಟರಿನಲ್ಲಿ ತೋರಿಸು ಅನ್ನಿ, ಬೋರ್ಡಿನ ಫೋಟೋ ತೆಗೆಯಿರಿ. ಫೋಟೋ ಬೇಡ ಅಂದರೆ ಎದ್ದು ಬನ್ನಿ. ಇದೇ ಥರ ಮೋಸ ಹೋದವರು ನಾಚಿಕೆ ಬಿಟ್ಟು ಕಸ್ಟಮ್ಸ್‌ಗೆ ದೂರು ಕೊಡಿ. ನಾನೊಬ್ಬಳೇ ಕೊಟ್ಟರೆ ಅವನು ಮತ್ತೆ ‘ಬೋರ್ಡಲ್ಲಿ ಬರೆದಿತ್ತು’ ಅಂತಲೇ ಹೇಳುತ್ತಾನೆ.