ಡ್ರಮ್ಮು, ಗುಮ್ಮಟ, ಎರೆತೊಟ್ಟಿ: ಸಗಣಿ ಯಾವುದಕ್ಕೆ?

ಶಿರಸಿ ಸೀಮೆಯ ನಮ್ಮ ಅಡಿಕೆ ತೋಟದ ಮನೆಯಲ್ಲಿ ಸಗಣಿಯ ಬಳಕೆಗೆ ಮೂರು ದಾರಿಗಳನ್ನು ನಡೆಸಿ ನೋಡಿದ್ದೇನೆ. ತೇಲುವ ಕಬ್ಬಿಣದ ಡ್ರಮ್ಮಿನ ಹಳೆಯ ಗೋಬರ್ ಗ್ಯಾಸ್ ಮೊದಲನೆಯದು, ಅದು ಹೋದ ಮೇಲೆ ಕಟ್ಟಿಸಿದ, ಅಲುಗದ ಗುಮ್ಮಟದ ಗೋಬರ್ ಗ್ಯಾಸ್ ಮಾದರಿಯಾದ ದೀನಬಂಧು ಎರಡನೆಯದು, ಎರೆಗೊಬ್ಬರದ ತೊಟ್ಟಿ ಮೂರನೆಯದು.

ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು 1960ರ ದಶಕದಿಂದ ಹಳ್ಳಿಗಳಿಗೆ ಹಂಚಿದ ಡ್ರಮ್ಮಿನ ಮಾದರಿಗೆ ಒಂದು ಗುಣವಿದೆ, ಅದನ್ನು ಉಳಿದವು ಕೊಡಲಾರವು: ಡ್ರಮ್ಮಿನ ಭಾರವೇ ಅನಿಲವನ್ನು ಒತ್ತುವುದರಿಂದ ಉರಿ ಕೊನೆಯವರೆಗೂ ಒಂದೇ ಸಮನಾಗಿರುತ್ತದೆ, ಎಷ್ಟು ಅನಿಲ ಉಳಿದಿದೆಯೆಂಬುದು ಡ್ರಮ್ಮಿನ ಎತ್ತರದಲ್ಲೇ ಕಾಣುತ್ತದೆ. ಆದರೆ ಮಲೆನಾಡಿನ ಮಳೆಗೆ ಕಬ್ಬಿಣ ನಿಲ್ಲುವುದಿಲ್ಲ. ವರ್ಷವರ್ಷವೂ ಬಣ್ಣ ಬಳಿದರೂ ಬಗ್ಗಡ (ನೀರು ಬೆರೆಸಿದ ಸಗಣಿ) ತಾಗುವ ಅಂಚು ತುಕ್ಕು ಹಿಡಿಯುತ್ತದೆ.

1984ರಲ್ಲಿ ರೂಪುಗೊಂಡ ದೀನಬಂಧುವಿನಲ್ಲಿ ಈ ತೊಂದರೆಯಿಲ್ಲ. ಇಟ್ಟಿಗೆ ಮತ್ತು ಸಿಮೆಂಟಿನ ಗುಮ್ಮಟ ಮಣ್ಣಿನಡಿ ಇರುವುದರಿಂದ ಚಳಿಗಾಲದಲ್ಲೂ ಬಿಸಿ ಅಷ್ಟಾಗಿ ಇಳಿಯುವುದಿಲ್ಲ. ಒಲೆ ಉರಿದಂತೆ ಒತ್ತಡ ಕುಗ್ಗುವುದನ್ನು ಮಾತ್ರ ಸಹಿಸಿಕೊಳ್ಳಬೇಕು. ಗುಮ್ಮಟದಲ್ಲಿ ಕೂದಲೆಳೆಯ ಬಿರುಕು ಬಿಟ್ಟರೂ ಅನಿಲ ಸೋರುವುದರಿಂದ ಈ ಕೆಲಸ ಬಲ್ಲ ಗಾರೆಯವರನ್ನೇ ಹುಡುಕಬೇಕು. ಎರಡು ಘನ ಮೀಟರಿನ ಘಟಕಕ್ಕೆ ದಿನಕ್ಕೆ ಸುಮಾರು 50 ಕೆ.ಜಿ. ಸಗಣಿಯೂ ಅಷ್ಟೇ ನೀರೂ ಬೇಕು. ಒಂದು ಘನ ಮೀಟರ್ ಅನಿಲವು ಅರ್ಧ ಕೆ.ಜಿ.ಗಿಂತ ತುಸು ಕಡಿಮೆ ಎಲ್‌ಪಿಜಿಗೆ ಸಮವಾದ್ದರಿಂದ, ಪೂರ್ತಿ ಉಣಿಸಿದರೆ ತಿಂಗಳಿಗೆ ಎರಡು ಸಿಲಿಂಡರಿಗೆ ಸ್ವಲ್ಪವೇ ಕಡಿಮೆ ಎಂಬ ಲೆಕ್ಕ ಸಿಗುತ್ತದೆ. ಆ ಲೆಕ್ಕ ಕೊಟ್ಟಿಗೆಯಲ್ಲೇ ಕಟ್ಟಿ ಸಾಕುವ ನಾಲ್ಕೈದು ದನಗಳದ್ದು. ಬೆಟ್ಟಕ್ಕೆ ಮೇಯಲು ಬಿಡುವ ಮಲೆನಾಡು ಗಿಡ್ಡ ತಳಿಯ ಸಣ್ಣ ದನಗಳ ಹಗಲಿನ ಸಗಣಿ ಬೆಟ್ಟದ ಪಾಲೇ.

ಗ್ಯಾಸಿಗೆ ಹಾಕಿದರೆ ಗೊಬ್ಬರದ ಸತ್ವ ಹೋಗುತ್ತದೆಂದು ನಮ್ಮೂರಿನ ಹಿರಿಯರು ಈಗಲೂ ವಾದಿಸುತ್ತಾರೆ. ಆದರೆ ಒಲೆಯಲ್ಲಿ ಉರಿಯುವ ಮೀಥೇನ್ ಆಗಿ ಹೊರಹೋಗುವುದು ಮುಖ್ಯವಾಗಿ ಇಂಗಾಲ. ಸಾರಜನಕದ ಬಹುಪಾಲು ಬಗ್ಗಡದಲ್ಲೇ ಉಳಿಯುತ್ತದೆ, ಅದರಲ್ಲೊಂದು ಭಾಗ ಬೇರು ಬೇಗ ಹೀರುವ ಅಮೋನಿಯಂ ರೂಪಕ್ಕೆ ಬರುತ್ತದೆ. ಅದೇ ಬಗ್ಗಡವನ್ನು ಬಿಸಿಲಿಗೆ ಒಣಗಿಸಿದರೆ ಅಮೋನಿಯಾ ಹಾರಿಹೋಗುತ್ತದೆ, ಆಗ ಹಿರಿಯರ ಮಾತೇ ನಿಜವಾದಂತೆ ಕಾಣುತ್ತದೆ. ಆದ್ದರಿಂದ ಅದನ್ನು ತೋಟಕ್ಕೆ ದ್ರವವಾಗಿಯೇ ಹರಿಸಬೇಕು, ಇಲ್ಲವೇ ದರಕಿನ (ಒಣ ಎಲೆಗಳ) ಮೇಲೆ ಸುರಿದು ಹೀರಿಸಬೇಕು. ಏರುಮುಖದ ತೋಟಕ್ಕೆ ಬಗ್ಗಡ ಹೊರುವ ಶ್ರಮವೇ ದೀನಬಂಧುವಿನ ನಿಜವಾದ ಖರ್ಚು ಎಂಬುದು ನನ್ನ ಅಭಿಪ್ರಾಯ.

ಎರೆಗೊಬ್ಬರ ಪುಡಿಯಾಗಿ ಸಿಗುವುದರಿಂದ ಚೀಲದಲ್ಲಿ ಹೊರಬಹುದು, ಮಾರಲೂಬಹುದು. ಒಲೆಗೆ ಮಾತ್ರ ಏನೂ ಸಿಗುವುದಿಲ್ಲ. ಹಸಿ ಸಗಣಿಯ ಕಾವಿಗೆ ಹುಳು ಸಾಯುವುದರಿಂದ ಎರಡು ಮೂರು ವಾರ ಆರಿಸಿದ ಸಗಣಿಯನ್ನೇ ಹಾಕಬೇಕು, ಇರುವೆ ಬಾರದಂತೆ ಕಾಯಬೇಕು, ಮಳೆಗಾಲದಲ್ಲಿ ಮಾಡು ಸೋರದಂತೆ ನೋಡಿಕೊಳ್ಳಬೇಕು. ಆದರೆ ಗೋಬರ್ ಗ್ಯಾಸಿನೊಳಗೆ ಕರಗದೆ ಮೇಲೆ ತೇಲಿ ಪದರ ಕಟ್ಟುವ ಅಡಿಕೆ ಸೋಗೆಯನ್ನು ಕೊಚ್ಚಿ ಹಾಕಿದರೆ ಎರೆಹುಳು ನಿಧಾನವಾಗಿಯಾದರೂ ಗೊಬ್ಬರ ಮಾಡುತ್ತದೆ.

ಕೊಟ್ಟಿಗೆಯಲ್ಲಿ ನಾಲ್ಕು ದನ ಕಟ್ಟುವವರಿಗೆ ದೀನಬಂಧುವೇ ಸರಿ. ಒಂದೆರಡು ದನವಿದ್ದರೆ ಗುಮ್ಮಟ ಹಸಿದೇ ಇರುತ್ತದೆ. ಅಂಥವರು ತೊಟ್ಟಿಗೇ ಹಣ ಹಾಕಲಿ. ಹೊಸದಾಗಿ ಡ್ರಮ್ಮು ಕೂರಿಸುವುದನ್ನು ಮಳೆನಾಡಿನ ಯಾರಿಗೂ ಹೇಳಲಾರೆ.