ಸಿವಿಟಿ ಆಯಿಲ್ ಬದಲಾಯಿಸೋಕೆ ಬಿಡ್ತಿದ್ದೀರಾ? ಎದುರಿಗೇ ನಿಂತು ಹಾಕಿಸಿ

ಹೇಳಿಕೊಳ್ಳೋಕೇ ನಾಚಿಕೆ. ಆದರೆ ಸುಮ್ಮನಿದ್ದರೆ ನಾಳೆ ಇನ್ನೊಬ್ಬರ ತಲೆ ಬೋಳಿಸ್ತಾರೆ. ನನ್ನದು ಸಿವಿಟಿ ಗಾಡಿ, ಅಂದರೆ ಗೇರ್ ಹಂತಗಳೇ ಇಲ್ಲದ ಆಟೋಮ್ಯಾಟಿಕ್. ಅದಕ್ಕೆ ಗ್ಯಾರೇಜಿನವರು ಮಾಮೂಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕೋ ಎಟಿಎಫ್ ಅನ್ನೋ ಎಣ್ಣೆ ಸುರಿದು, ಸಿವಿಟಿ ಆಯಿಲ್‌ನ ದುಡ್ಡು ಕಿತ್ತಿದ್ದಾರೆ. ಎಟಿಎಫ್! ಸಿವಿಟಿಗೆ!

ಗಾಡಿ ಬಿಡುವಾಗಲೇ ಮ್ಯಾನ್ಯುಯಲ್ ತೆರೆದು ತೋರಿಸಿ, ಇದೇ ಗ್ರೇಡ್ ಹಾಕಿ ಅಂದಿದ್ದೆ. "ಸಾರ್, ದಿನಾ ಇದೇ ಕೆಲಸ ನಮ್ಮದು" ಅಂದರು. ಸಂಜೆ ಹೋಗಿ ಖಾಲಿ ಕ್ಯಾನ್ ಎಲ್ಲಿ ಅಂತ ಕೇಳಿದೆ. ಕೆಲಸದ ಹುಡುಗ ನನ್ನ ಮುಖ ನೋಡಲಿಲ್ಲ, ಮಾಲೀಕನ ಮುಖ ನೋಡಿದ. ಒರೆಸಿದ ಬೆರಳನ್ನೇ ಮತ್ತೆ ಮತ್ತೆ ಬಟ್ಟೆಯಲ್ಲಿ ಒರೆಸ್ತಾ ನಿಂತ. "ಗುಜರಿಗೆ ಹೋಯ್ತು ಸಾರ್" ಅಂದ ಮಾಲೀಕ. ಅವನ ಬೆನ್ನ ಹಿಂದೆಯೇ ಡ್ರಮ್ಮು, ಮೇಲೆ ದಪ್ಪಕ್ಷರದಲ್ಲಿ ಎಟಿಎಫ್, ಪಂಪಿನ ಮೂತಿಯಿಂದ ಕೆಂಪು ಎಣ್ಣೆ ಇನ್ನೂ ತೊಟ್ಟಿಕ್ತಾ ಇತ್ತು.

"ಇದನ್ನೇನಾ ಹಾಕಿದ್ದು?"

"ಎಲ್ಲಾ ಒಂದೇ ಸಾರ್. ಕಂಪನಿಯವರು ಹೆಸರು ಬದಲಾಯಿಸಿ ಮಾರ್ತಾರೆ ಅಷ್ಟೇ."

ಒಂದೇ ಅಂತೆ! ಹೋಂಡಾದ ಎಷ್ಟೋ ಸಿವಿಟಿ ಗಾಡಿಗೆ ಎಚ್‌ಸಿಎಫ್-2, ನಿಸ್ಸಾನ್‌ನ ಎಷ್ಟೋ ಗಾಡಿಗೆ ಎನ್‌ಎಸ್-3 ಅಂತ ಬೇರೆ ಬೇರೆ ಆಯಿಲ್ ಕೊಟ್ಟಿರೋದು ಚಂದಕ್ಕಾ? ಸಿವಿಟಿ ಒಳಗಿರೋದು ಉಕ್ಕಿನ ಬೆಲ್ಟು, ಕೆಲವದರಲ್ಲಿ ಚೈನು. ಅದು ಎರಡು ಪುಲ್ಲಿಗಳನ್ನ ಕಚ್ಚಿ ಹಿಡಿದರೆ ಮಾತ್ರ ಗಾಡಿ ಮುಂದಕ್ಕೆ ಹೋಗೋದು. ಎಣ್ಣೆ ಸವೆತವನ್ನೂ ತಡೀಬೇಕು, ಹಿಡಿತವನ್ನೂ ಬಿಡಬಾರದು. ತಪ್ಪು ಎಣ್ಣೆಗೆ ಬೆಲ್ಟ್ ಜಾರಿದರೆ ಪುಲ್ಲಿ ಮೈಯೆಲ್ಲ ಗೀರು, ಆಮೇಲೆ ಇಡೀ ಗೇರ್‌ಬಾಕ್ಸಿಗೇ ಕುತ್ತು.

ತೆಗೆದು ಸರಿಯಾದ್ದು ಹಾಕಿ ಅಂದರೆ, "ಅದಕ್ಕೆ ಬೇರೆ ಚಾರ್ಜ್ ಆಗುತ್ತೆ." ನಾಚಿಕೆ ಬೇಡವಾ?

ಮೈ ಉರೀತಾ ಗಾಡಿ ತೆಗೆದೆ. ಬ್ರೇಕ್ ಬಿಟ್ಟು ಹೊರಟಾಗಲೆಲ್ಲ ಗಡಗಡ ನಡುಕ. ಫೋನ್ ಮಾಡಿದರೆ "ಹೊಸ ಆಯಿಲ್ ಅಲ್ವಾ, ಸೆಟ್ ಆಗುತ್ತೆ." ಮತ್ತೆ ಮಾಡಿದರೆ "ನೀವು ಓಡಿಸೋ ರೀತಿ ಸಾರ್." ನಾನು ಓಡಿಸೋ ರೀತಿ!

ಬೇರೆ ಮೆಕ್ಯಾನಿಕ್ ಗೇರ್‌ಬಾಕ್ಸಿನ ಎಣ್ಣೆ ಇಳಿಸೋ ಪ್ಲಗ್ ಬಿಚ್ಚಿದರು. ಇಳಿದದ್ದು ಕೆಂಪು ಕೆಂಪು. ಗೇರ್‌ಬಾಕ್ಸಿನ ತಳದ ಪ್ಯಾನ್‌ನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣುಪು ಕೆಸರು ಮಾಮೂಲಿ, ಆದರೆ ನನ್ನದರಲ್ಲಿ ಹೊಳೆಯೋ ಚೂರುಗಳೂ ಇದ್ದವು. ಇನ್ನೊಂದು ಮಾತೂ ಅವರೇ ಹೇಳಿದ್ದು: ಪ್ಲಗ್ ಬಿಚ್ಚಿದರೆ ಈ ಗಾಡಿಯಲ್ಲಿ ಅರ್ಧದಷ್ಟೇ ಇಳಿಯೋದು, ಉಳಿದದ್ದು ಟಾರ್ಕ್ ಕನ್ವರ್ಟರ್, ಕೂಲರ್ ಅನ್ನೋ ಭಾಗಗಳ ಒಳಗೇ ಉಳಿಯುತ್ತೆ. ಇಳಿದಷ್ಟೇ ತಾನೇ ಹೊಸದು ಹಿಡಿಯೋದು? ಆದರೆ ನನ್ನ ಬಿಲ್ಲಲ್ಲಿ ಪೂರ್ತಿ 8 ಲೀಟರ್ ಇದೆ. ಮಿಕ್ಕಿದ್ದನ್ನ ಎಲ್ಲಿಗೆ ಸುರಿದ್ರಪ್ಪಾ? ಈಗ ಇಳಿಸು, ಓಡಿಸು, ಮತ್ತೆ ಇಳಿಸು ಅಂತ ಆ ಕೆಂಪು ಎಣ್ಣೆ ತೊಳೆಯೋ ಖರ್ಚು ನನ್ನ ತಲೆ ಮೇಲೆ.

ಸೀಲ್ ಕ್ಯಾನ್ ನೀವೇ ತಗೊಂಡು ಹೋಗಿ. ಡ್ರಮ್ ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ. ಎಷ್ಟು ಇಳೀತು, ಎಷ್ಟು ಹಾಕಿದರು ಅಂತ ಅಳೆಸಿ. ಬಿಲ್ಲಲ್ಲಿ ಗ್ರೇಡ್ ಬರೆಸಿ, ದಯವಿಟ್ಟು ಬರೆಸಿ. ಯಾಕಂದರೆ ದುಡ್ಡು ವಾಪಸ್ ಕೇಳೋಕೆ ಹೋದಾಗ ಆ ಮಹಾನುಭಾವ ನನ್ನ ಬಿಲ್ಲನ್ನೇ ನನ್ನ ಮುಂದೆ ಹಿಡಿದು ಕೇಳಿದ್ದು ಇಷ್ಟು: "ಗೇರ್ ಆಯಿಲ್ ಅಂತ ತಾನೇ ಬರೆದಿರೋದು? ಸಿವಿಟಿ ಅಂತ ಎಲ್ಲಿದೆ ತೋರಿಸಿ ಸಾರ್."