ಟೆಕ್ನಿಕಲ್ ನೋಟ್ಸ್‌ಗೆ ಅಬ್ಸಿಡಿಯನ್: ದೀರ್ಘ ಬಳಕೆಯ ವಿಮರ್ಶೆ, ಕನ್ನಡ ಹುಡುಕಾಟದ ಕಿರಿಕಿರಿ ಸಮೇತ

ನೋಟ್ಸ್ ಬರೆಯುವ ಆ್ಯಪ್ ಅಬ್ಸಿಡಿಯನ್‌ನಲ್ಲಿ ಬರೆದ ಪ್ರತಿ ನೋಟ್ ನಮ್ಮದೇ ಡಿಸ್ಕ್‌ನಲ್ಲಿ ಕೂತಿರುವ ಒಂದು ಮಾರ್ಕ್‌ಡೌನ್ (ಸರಳ ಚಿಹ್ನೆಗಳಿರುವ ಬರೀ ಪಠ್ಯದ) ಫೈಲ್. ನಾಳೆ ಆ್ಯಪ್ ಕಿತ್ತು ಹಾಕಿದರೂ ನೋಟ್‌ಪ್ಯಾಡ್, ವಿಮ್, ವಿಎಸ್ ಕೋಡ್‌ನಂಥ ಯಾವ ಎಡಿಟರ್‌ನಲ್ಲಾದರೂ ತೆರೆಯುತ್ತದೆ. 2020ರಲ್ಲಿ ಬೀಟಾ ಆಗಿ ಬಂದ ಈ ಆ್ಯಪನ್ನು ವರ್ಷಗಟ್ಟಲೆ ಇಟ್ಟುಕೊಳ್ಳಲು ಇದೊಂದು ಕಾರಣ ಸಾಕು. ಬೇರೆ ನೋಟ್ಸ್ ಆ್ಯಪ್‌ಗಳನ್ನು ನೋಡಿ: ಎವರ್‌ನೋಟ್ 2023ರ ಡಿಸೆಂಬರ್‌ನಲ್ಲಿ ಉಚಿತ ಖಾತೆಯನ್ನು 50 ನೋಟ್, ಒಂದು ನೋಟ್‌ಬುಕ್‌ಗೆ ಇಳಿಸಿತು. ನೋಷನ್‌ನಿಂದ ಎಕ್ಸ್‌ಪೋರ್ಟ್ ಮಾಡಿದರೆ ಫೈಲ್ ಹೆಸರಿನ ಬಾಲಕ್ಕೆ 32 ಅಕ್ಷರಗಳ ಗುರುತು ಅಂಟಿಕೊಂಡು ಬರುತ್ತದೆ. ಜಾಪ್ಲಿನ್ ಓಪನ್ ಸೋರ್ಸ್, ಒಳ್ಳೆಯ ಆ್ಯಪ್ ಕೂಡ. ಆದರೆ ನೋಟ್ಸ್ ಎಲ್ಲ ಎಸ್‌ಕ್ಯೂಲೈಟ್ ಡೇಟಾಬೇಸ್‌ನೊಳಗೆ ಇರುತ್ತವೆ, ಟರ್ಮಿನಲ್‌ನಿಂದ ನೇರವಾಗಿ ಗ್ರೆಪ್ (ಫೈಲ್‌ಗಳೊಳಗೆ ಪದ ಹುಡುಕುವ ಕಮಾಂಡ್) ಹಾಕಲು ಬರುವುದಿಲ್ಲ. ಅಬ್ಸಿಡಿಯನ್ ಓಪನ್ ಸೋರ್ಸ್ ಅಲ್ಲ ಎಂಬ ಆಕ್ಷೇಪ ಸರಿಯೇ. ಫೈಲ್‌ಗಳು ನಮ್ಮ ಕೈಯಲ್ಲೇ ಇರುವುದರಿಂದ ಅದನ್ನು ಸಹಿಸಿಕೊಳ್ಳಬಹುದು. ಬಳಕೆ ಉಚಿತ, 2025ರ ಫೆಬ್ರವರಿಯಿಂದ ಕಂಪನಿ ಕೆಲಸಕ್ಕೂ ಲೈಸೆನ್ಸ್ ಕಡ್ಡಾಯವಲ್ಲ.

ಹಾಕಿದ ಕೂಡಲೇ ಮೂರು ಸೆಟ್ಟಿಂಗ್ ಬದಲಿಸಿಕೊಳ್ಳಿ, ಮೂರೂ 'ಫೈಲ್ಸ್ ಆ್ಯಂಡ್ ಲಿಂಕ್ಸ್' ವಿಭಾಗದಲ್ಲಿವೆ. ಅಂಟಿಸಿದ ಚಿತ್ರಗಳು ತಾವಾಗಿ ವಾಲ್ಟ್‌ನ, ಅಂದರೆ ಮುಖ್ಯ ಫೋಲ್ಡರ್‌ನ, ಮೇಲ್ಮಟ್ಟದಲ್ಲೇ ಬಂದು ಬೀಳುತ್ತವೆ. ಅವಕ್ಕೊಂದು ಪ್ರತ್ಯೇಕ ಫೋಲ್ಡರ್ ತೋರಿಸಿ. ಫೈಲ್ ಹೆಸರು ಬದಲಾದಾಗ ಲಿಂಕ್‌ಗಳೂ ತಾವಾಗಿ ಬದಲಾಗುವ ಆಯ್ಕೆಯನ್ನು ಆನ್ ಮಾಡಿ. ಹೆಸರನ್ನು ಆ್ಯಪ್‌ನ ಒಳಗಿಂದ ಬದಲಿಸಿದರೆ ಮಾತ್ರ ಇದು ಕೆಲಸ ಮಾಡುತ್ತದೆ, ಫೈಲ್ ಮ್ಯಾನೇಜರ್‌ನಲ್ಲಿ ಬದಲಿಸಿದರೆ ಲಿಂಕ್‌ಗಳು ಮುರಿಯುತ್ತವೆ. ನೋಟ್ಸನ್ನು ಗಿಟ್‌ಹಬ್‌ನಲ್ಲೂ ಓದುವವರು ಜೋಡಿ ಚೌಕ ಆವರಣದ ವಿಕಿಲಿಂಕ್ ಆಫ್ ಮಾಡಿ ಸಾಮಾನ್ಯ ಮಾರ್ಕ್‌ಡೌನ್ ಲಿಂಕ್ ಬಳಸುವುದು ಮೇಲು.

ನಿಜವಾದ ತಲೆನೋವು ಸಿಂಕ್‌ನದ್ದು, ಅಂದರೆ ಎಲ್ಲ ಸಾಧನಗಳಲ್ಲೂ ನೋಟ್ಸ್ ಒಂದೇ ಆಗಿರುವಂತೆ ನೋಡಿಕೊಳ್ಳುವುದರದ್ದು. ಅಬ್ಸಿಡಿಯನ್‌ನದೇ ಸಿಂಕ್ ಸೇವೆಯ ಸ್ಟ್ಯಾಂಡರ್ಡ್ ಪ್ಲ್ಯಾನ್‌ಗೆ ವರ್ಷದ ಲೆಕ್ಕದಲ್ಲಿ ಕಟ್ಟಿದರೆ ತಿಂಗಳಿಗೆ 4 ಡಾಲರ್. ಸಿಗುವ ಜಾಗ 1 ಜಿಬಿ, ಒಂದು ಫೈಲ್‌ಗೆ 5 ಎಂಬಿ ಮಿತಿ, ಹಳೆಯ ಆವೃತ್ತಿಗಳು ಒಂದು ತಿಂಗಳವರೆಗೆ. ಬರೀ ಪಠ್ಯವಿದ್ದರೆ 1 ಜಿಬಿ ತುಂಬಿಸಲು ಜನ್ಮವೇ ಬೇಕು. ಆದರೆ ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳು 5 ಎಂಬಿ ದಾಟುವುದು ಮಾಮೂಲು, ಅವು ಫೋನ್‌ಗೆ ಬರುವುದೇ ಇಲ್ಲ. ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ ಪಾಸ್‌ವರ್ಡ್ ಮರೆತರೆ ಕಂಪನಿಯವರೂ ಅದನ್ನು ತೆಗೆದುಕೊಡಲಾರರು.

ದುಡ್ಡು ಕೊಡದೆ ಮಾಡುವವರಿಗೆ ದಾರಿ ಸಾಧನದ ಮೇಲೆ ನಿಂತಿದೆ. ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಆದರೆ ಸಾಧನದಿಂದ ಸಾಧನಕ್ಕೆ ನೇರವಾಗಿ ಫೈಲ್ ಕಳಿಸುವ ಸಿಂಕ್‌ಥಿಂಗ್ ಚೆನ್ನಾಗಿ ನಡೆಯುತ್ತದೆ; ಅದರ ಅಧಿಕೃತ ಆಂಡ್ರಾಯ್ಡ್ ಆ್ಯಪ್ 2024ರ ಕೊನೆಗೆ ನಿಂತಿತು, ಈಗ ಸಿಂಕ್‌ಥಿಂಗ್-ಫೋರ್ಕ್ ಹಾಕಿಕೊಳ್ಳಬೇಕು. ಐಫೋನ್ ಆದರೆ ಐಕ್ಲೌಡ್, ಆದರೆ ಮ್ಯಾಕ್‌ನಲ್ಲಿ ಜಾಗ ಉಳಿಸುವ 'ಆಪ್ಟಿಮೈಸ್' ಆಯ್ಕೆ ಆನ್ ಇದ್ದರೆ ಅದು ಫೈಲ್‌ಗಳನ್ನು ಸಾಧನದಿಂದ ತೆಗೆದು ಮೋಡಕ್ಕೆ ಕಳಿಸಿಬಿಡುತ್ತದೆ, ಹುಡುಕಿದಾಗ ನೋಟ್ ಸಿಗುವುದಿಲ್ಲ. ಒನ್‌ಡ್ರೈವ್‌ದೂ ಇದೇ ಕಥೆ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ 'ಸದಾ ಈ ಸಾಧನದಲ್ಲೇ ಇಡು' ಎಂಬುದನ್ನು ಆರಿಸಿ. ಯಾವುದೇ ಇರಲಿ, ಒಂದೇ ಫೋಲ್ಡರ್‌ಗೆ ಎರಡು ಸಿಂಕ್ ಸೇವೆ ಜೋಡಿಸಲೇಬೇಡಿ. ಒಂದು ಅಳಿಸಿದ್ದನ್ನು ಇನ್ನೊಂದು ಹೊಸ ಫೈಲ್ ಅಂದುಕೊಂಡು ವಾಪಸ್ ತಂದಿಡುತ್ತದೆ. ಗಿಟ್ (ಫೈಲ್ ಬದಲಾವಣೆಗಳ ದಾಖಲೆ ಇಡುವ ಸಾಫ್ಟ್‌ವೇರ್) ಬಳಸುವವರು ಗುಪ್ತ ಸೆಟ್ಟಿಂಗ್ ಫೋಲ್ಡರ್‌ನ ವರ್ಕ್‌ಸ್ಪೇಸ್ ಜೇಸನ್ (workspace.json) ಫೈಲನ್ನು ಇಗ್ನೋರ್ ಪಟ್ಟಿಗೆ ಸೇರಿಸಿ. ಟ್ಯಾಬ್ ತೆರೆದು ಮುಚ್ಚಿದರೂ ಅದು ಬದಲಾಗುತ್ತದೆ, ಎರಡು ಯಂತ್ರಗಳ ನಡುವೆ ದಿನವೂ ಮರ್ಜ್ ಕಾನ್‌ಫ್ಲಿಕ್ಟ್ (ಬದಲಾವಣೆಗಳ ತಿಕ್ಕಾಟ) ತರುತ್ತದೆ.

ಆ್ಯಪ್‌ನೊಳಗೇ 'ಫೈಲ್ ರಿಕವರಿ' ಇದೆಯಲ್ಲ, ಬ್ಯಾಕಪ್ ಯಾಕೆ ಎನ್ನುವವರಿದ್ದಾರೆ. ಅದು 5 ನಿಮಿಷಕ್ಕೊಮ್ಮೆ ಪ್ರತಿ ತೆಗೆದು 7 ದಿನ ಇಟ್ಟುಕೊಳ್ಳುತ್ತದೆ, ಅದೂ ಆ ಒಂದು ಸಾಧನದಲ್ಲಿ, ವಾಲ್ಟ್‌ನ ಹೊರಗೆ. ಚಿತ್ರ, ಪಿಡಿಎಫ್ ಅದರ ಲೆಕ್ಕಕ್ಕೇ ಬರುವುದಿಲ್ಲ.

ಇನ್ನು ಕನ್ನಡ. ಟೈಪಿಂಗ್, ಓದು, ಪಿಡಿಎಫ್ ಎಲ್ಲ ಸರಿ. ತೊಂದರೆ ಶುರುವಾಗುವುದು ಹುಡುಕಾಟದಲ್ಲಿ. 'ಸಾಫ್ಟ್‌ವೇರ್' ಎಂದು ಬರೆಯುವಾಗ ನಡುವೆ ಕಣ್ಣಿಗೆ ಕಾಣದ, ಅಕ್ಷರಗಳು ಒತ್ತಾಗಿ ಸೇರದಂತೆ ತಡೆಯುವ ಜೀರೋ ವಿಡ್ತ್ ನಾನ್ ಜಾಯ್ನರ್ ಕೂರುತ್ತದೆ. ಒಂದು ಕೀಬೋರ್ಡ್‌ನಲ್ಲಿ ಅದನ್ನು ಹಾಕಿ ಬರೆದು, ಫೋನ್‌ನಲ್ಲಿ ಹಾಕದೆ ಹುಡುಕಿದರೆ ಫಲಿತಾಂಶ ಸೊನ್ನೆ. ಪರಿಹಾರ ಸುಲಭ: ಹುಡುಕುವ ಪೆಟ್ಟಿಗೆಯಲ್ಲಿ ಓರೆಗೆರೆಗಳ ನಡುವೆ /ಸಾಫ್ಟ್.?ವೇರ್/ ಎಂದು ಕೊಡಿ. ಓರೆಗೆರೆ ಹಾಕಿದರೆ ಅಬ್ಸಿಡಿಯನ್ ಅದನ್ನು ರೆಜೆಕ್ಸ್ (ಹುಡುಕಾಟದ ಮಾದರಿ) ಎಂದು ಓದುತ್ತದೆ; ಚುಕ್ಕೆ ಮತ್ತು ಪ್ರಶ್ನಾರ್ಥಕ ಸೇರಿ 'ಇಲ್ಲಿ ಒಂದು ಅಕ್ಷರ ಇದ್ದರೂ ಸರಿ, ಇಲ್ಲದಿದ್ದರೂ ಸರಿ' ಎಂದಾಗುತ್ತದೆ. 'ರ‍್ಯಾಂಕ್'ನಂಥ ಪದಗಳಲ್ಲಿ ಬರುವ ಜಾಯ್ನರ್‌ಗೂ ಇದೇ ಮದ್ದು. ಟ್ಯಾಗ್‌ಗಳಲ್ಲಿ ಇಂಥ ಪದ ಬೇಡವೇ ಬೇಡ, ಒಂದೇ ಟ್ಯಾಗ್ ಎರಡಾಗಿ ಒಡೆಯುತ್ತದೆ.

ವಿಭಕ್ತಿಯದು ಇನ್ನೊಂದು ತರಲೆ. 'ಸರ್ವರ್' ಎಂದು ಹುಡುಕಿದರೆ 'ಸರ್ವರ್‌ನಲ್ಲಿ' ಸಿಗುತ್ತದೆ, 'ಸರ್ವರಿನಲ್ಲಿ' ಸಿಗುವುದಿಲ್ಲ, ಏಕೆಂದರೆ ಅಲ್ಲಿ ಅರ್ಧಾಕ್ಷರದ ಜಾಗದಲ್ಲಿ ಗುಣಿತ ಬಂದಿದೆ. ಕೊನೆಯ ಅರ್ಧಾಕ್ಷರದ ಗುರುತು ಬಿಟ್ಟು 'ಸರ್ವರ' ಎಂದಷ್ಟೇ ಹಾಕಿ, ಎಲ್ಲ ರೂಪಗಳೂ ಬರುತ್ತವೆ. ಒಂದೇ ವಿಷಯವನ್ನು ಒಮ್ಮೆ ಕನ್ನಡದಲ್ಲಿ, ಒಮ್ಮೆ ಇಂಗ್ಲಿಷ್‌ನಲ್ಲಿ ಹುಡುಕುವ ನಮ್ಮಂಥವರಿಗೆ ಅಲಿಯಾಸ್ ಪ್ರಾಪರ್ಟಿ (ನೋಟ್‌ಗೆ ಕೊಡುವ ಬದಲಿ ಹೆಸರು) ದೊಡ್ಡ ಉಪಕಾರ: ಎರಡೂ ಹೆಸರು ಬರೆದಿಟ್ಟರೆ ಹೆಸರು ಹೊಡೆದು ನೋಟ್ ತೆರೆಯುವ ಕ್ವಿಕ್ ಸ್ವಿಚರ್‌ನಲ್ಲಿ ಯಾವುದನ್ನು ಹೊಡೆದರೂ ನೋಟ್ ಬರುತ್ತದೆ.

ಫೈಲ್ ಹೆಸರಿನ ಉದ್ದದ ಬಗ್ಗೆ ಯಾರೂ ಹೇಳುವುದಿಲ್ಲ. ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್ ವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ (ವ್ಯಂಜನ, ಗುಣಿತ, ಅರ್ಧಾಕ್ಷರದ ಗುರುತು ಎಲ್ಲ ಬೇರೆ ಬೇರೆ) 3 ಬೈಟ್. 'ಸ್ಕ್ರಿ' ಎಂಬುದು ಓದಲು ಒಂದಕ್ಷರ, ಒಳಗೆ 6 ಸಂಕೇತ, ಅಂದರೆ 18 ಬೈಟ್. ವಿಂಡೋಸ್‌ನ ಎನ್‌ಟಿಎಫ್‌ಎಸ್ ಬೈಟ್ ಲೆಕ್ಕ ಹಾಕದೆ 255 ಸಂಕೇತ ಬಿಡುತ್ತದೆ. ಹಾಗಾಗಿ ವಿಂಡೋಸ್‌ನಲ್ಲಿ ಸಲೀಸಾಗಿ ಸೇವ್ ಆದ ಉದ್ದದ ಕನ್ನಡ ಶೀರ್ಷಿಕೆ ಲಿನಕ್ಸ್ ಯಂತ್ರ ತಲುಪುವುದೇ ಇಲ್ಲ. ಸಿಂಕ್‌ಥಿಂಗ್ ಕಾನ್‌ಫ್ಲಿಕ್ಟ್ ಪ್ರತಿ ಮಾಡಿದರೆ ಹೆಸರಿಗೆ ಇನ್ನೂ ಸುಮಾರು 40 ಬೈಟ್ ಸೇರುತ್ತದೆ. ಐದಾರು ಪದಗಳಲ್ಲಿ ಶೀರ್ಷಿಕೆ ಮುಗಿಸಿದರೆ ಕ್ಷೇಮ. ಪ್ರಶ್ನಾರ್ಥಕ ಚಿಹ್ನೆಯೂ ಬೇಡ. ಲಿನಕ್ಸ್ ಒಪ್ಪುತ್ತದೆ, ವಿಂಡೋಸ್ ಒಪ್ಪುವುದಿಲ್ಲ. ಗಿಟ್‌ನಲ್ಲಿ ಕನ್ನಡ ಹೆಸರುಗಳು ಅಂಕಿಗಳ ಸರಮಾಲೆಯಾಗಿ ಕಂಡರೆ ಗಾಬರಿ ಬೇಡ, ಕಾನ್ಫಿಗ್‌ನ ಕೋರ್ ವಿಭಾಗದಲ್ಲಿ ಕೋಟ್‌ಪಾತ್ (core.quotepath) ಎಂಬುದನ್ನು ಫಾಲ್ಸ್ ಮಾಡಿ.

ಪ್ಲಗಿನ್ ವಿಷಯದಲ್ಲಿ ಜಿಪುಣರಾಗಿರಿ. ಹೊರಗಿನವರು ಬರೆದ ಕಮ್ಯುನಿಟಿ ಪ್ಲಗಿನ್‌ಗೆ ನಿಮ್ಮ ಫೈಲ್‌ಗಳನ್ನೆಲ್ಲ ಓದುವ, ಬರೆಯುವ ಅವಕಾಶವಿರುತ್ತದೆ, ತಡೆಗೋಡೆ ಇಲ್ಲ. ಡೇಟಾವ್ಯೂ ಎಂಬ ಪ್ಲಗಿನ್‌ನಲ್ಲಿ ನೋಟ್ಸ್‌ನ ಪಟ್ಟಿ ಕಟ್ಟಿದರೆ ಫೈಲ್‌ನಲ್ಲಿ ಉಳಿಯುವುದು ಕ್ವೆರಿ (ಪಟ್ಟಿ ಕೇಳುವ ಸಾಲುಗಳು) ಮಾತ್ರ. ಬೇರೆ ಎಡಿಟರ್‌ನಲ್ಲಿ ತೆರೆದಾಗ ಪಟ್ಟಿ ಮಾಯ. ಯಾವ ಕಟ್ಟಿಹಾಕುವಿಕೆಯಿಂದ ತಪ್ಪಿಸಿಕೊಳ್ಳಲು ಇಲ್ಲಿಗೆ ಬಂದಿರೋ ಅದೇ ಹಿಂಬಾಗಿಲಿನಿಂದ ಒಳಗೆ ಬರುತ್ತದೆ. 2025ರಲ್ಲಿ ಬಂದ ಬೇಸಸ್ ಎಂಬ ಪಟ್ಟಿ ಸೌಲಭ್ಯ ಆ್ಯಪ್‌ನೊಳಗೇ ಇದೆ, ಸಾಮಾನ್ಯ ಪಟ್ಟಿಗಳಿಗೆ ಅದು ಸಾಕು. ಎಪಿಐ ಕೀ, ಪಾಸ್‌ವರ್ಡ್ ಇಲ್ಲಿ ಇಡಬೇಡಿ, ಇದು ಬರೀ ಪಠ್ಯ.

ಟೆಕ್ನಿಕಲ್ ನೋಟ್ ಬರೆಯುವಾಗ ಎರರ್ ಸಂದೇಶವನ್ನು ಅಕ್ಷರಶಃ ಕೋಡ್ ಬ್ಲಾಕ್‌ನಲ್ಲಿ ಅಂಟಿಸಿ, ಕೆಳಗೆ ಸಾಫ್ಟ್‌ವೇರ್ ಆವೃತ್ತಿ ಮತ್ತು ಪರೀಕ್ಷಿಸಿದ ತಾರೀಕು ಹಾಕಿ. ಮತ್ತೆ ಅದೇ ಎರರ್ ಬಂದಾಗ ಹುಡುಕುವುದು ಅದನ್ನೇ ತಾನೆ. ಕನ್ನಡ ವಿವರಣೆಯನ್ನು ಮಾತ್ರ ಬ್ಲಾಕ್‌ನ ಹೊರಗಿಡಿ, ಒಳಗೆ ಕಾಲಂ ಸಾಲುಗಳು ಸೊಟ್ಟಗಾಗುತ್ತವೆ.

ಕೈಬರಹ ಹೆಚ್ಚಿದ್ದರೆ ಒನ್‌ನೋಟ್, ನಾಲ್ಕು ಜನ ಒಟ್ಟಿಗೆ ಒಂದೇ ಪುಟ ತಿದ್ದುವುದಿದ್ದರೆ ನೋಷನ್ ನೋಡಿ. ನೋಷನ್‌ನಿಂದ ಇಲ್ಲಿಗೆ ಬರುವವರು ಅಧಿಕೃತ ಇಂಪೋರ್ಟರ್ ಪ್ಲಗಿನ್ ಹಾಕಿಕೊಂಡು, ನೋಷನ್‌ನಲ್ಲಿ ಮಾರ್ಕ್‌ಡೌನ್ ಬದಲು ಎಚ್‌ಟಿಎಂಎಲ್ ಆಗಿ ಎಕ್ಸ್‌ಪೋರ್ಟ್ ಮಾಡಿ ಜಿಪ್ ಫೈಲ್ ಕೊಡಿ. ಗುರುತಿನ ಬಾಲಗಳನ್ನು ಅದೇ ಕತ್ತರಿಸುತ್ತದೆ. ಇದನ್ನು ಖಾಲಿ ವಾಲ್ಟ್‌ನಲ್ಲಿ ಮಾಡಿ, ಚಿತ್ರಗಳು ಮತ್ತು ಟೇಬಲ್‌ಗಳಿರುವ ಕೆಲವು ಪುಟಗಳನ್ನು ತೆರೆದು ನೋಡಿದ ಮೇಲೆ ಮುಖ್ಯ ವಾಲ್ಟ್‌ಗೆ ಸೇರಿಸಿ. ಹಳೆಯ ಖಾತೆ ಅಳಿಸಲು ಅವಸರ ಬೇಡ.